ಸೊನ್ನೆಯ ನೇಮ

ಭಾದ್ರಪದ ಪಂಚಮಿಯ ಆ ಮುಂಜಾನೆ ಕಾಗವಾಡದ ಮೇಲೆ ಮಳೆ ಸುರಿಯಲೂ ಇಲ್ಲ, ನಿಲ್ಲಲೂ ಇಲ್ಲ. ಮಿರಜದ ಕಡೆಯಿಂದ ಬಂದ ಗಾಳಿ ಜರಡಿ ಹಿಡಿದಂತೆ ತುಂತುರು ಉದುರಿಸುತ್ತಿತ್ತು. ದ್ರಾಕ್ಷಿ ಪಡದ ತಂತಿಗಳ ಮೇಲೆ ಹನಿಗಳು ಸಾಲಾಗಿ ಕೂತಿದ್ದವು. ಹಿಂದಿನ ದಿನ ಕೂಡಿಸಿದ ಗಣಪತಿಯ ಹಾಡು ಊರಿನಿಂದ ತೊಯ್ದು ಬರುತ್ತಿತ್ತು. ಬಸದಿಯಲ್ಲಿ ಅಂದು ದಶಲಕ್ಷಣ ಪರ್ವದ ಮೊದಲ ದಿನ. ಹತ್ತು ದಿನಕ್ಕೆ ಹತ್ತು ಧರ್ಮ. ಅದರಲ್ಲಿ ಮೊದಲನೆಯದು ಕ್ಷಮೆ. ಅದನ್ನೇ ಮೊದಲಿಗೆ ಇಟ್ಟ ಹಿರಿಯರು ಮನುಷ್ಯನನ್ನು ಚೆನ್ನಾಗಿ ಬಲ್ಲವರು.

ಶೇಡಬಾಳ ರಸ್ತೆಯ ಬದಿಗೆ ಎರಡು ಎಕರೆ ದ್ರಾಕ್ಷಿ ಇದ್ದ ಸಮ್ಮೇದನಿಗೆ ಇಪ್ಪತ್ತೆಂಟು ವರ್ಷ. ಪಡದ ತುದಿಯಲ್ಲಿ ಮೋಟರಿನ ಖೋಲಿ. ಅಲ್ಲಿ ಹುಳದ ಔಷಧಿ ಡಬ್ಬಿ, ಕತ್ತರಿ, ಸುತಳಿ ಉಂಡೆಗಳ ನಡುವೆ ಒಂದು ಟಿವಿ ಮತ್ತು ಅದಕ್ಕೆ ಹಚ್ಚಿದ ಗೇಮಿನ ಬಾಕ್ಸು. ಕತ್ತಿ, ಬಂದೂಕು, ಬೆಂಕಿ. ಇಂಥ ಆಟಗಳನ್ನು ಅವನಷ್ಟು ಆಡಿದವರು ಆ ಸೀಮೆಯಲ್ಲಿ ಇರಲಿಕ್ಕಿಲ್ಲ.

ಹೋದ ವರ್ಷದ ಪರ್ವದಲ್ಲಿ ತಾಯಿ ಸೋನಾಬಾಯಿ ಬುತ್ತಿ ಕೊಡಲು ಬಂದವಳು ಖೋಲಿಯ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. ಪರದೆಯ ಮೇಲೆ ಮಗ ಒಬ್ಬನ ಗಂಟಲು ಕೊಯ್ಯುತ್ತಿದ್ದ.

"ನೀರ ಸೈತ ಅರಿವ್ಯಾಗ ಸೋಸಿ ಕುಡಿಯೋ ಮನಿ ಇದು. ಏನ್ ಹಚ್ಚೀಯೋ ಮಗನ?"

"ಅವ್ವಾ, ಅದು ಖರೇ ಮನಶ್ಯಾ ಅಲ್ಲ."

"ನಿನ್ನ ಕೈ ಖರೇದ ಐತೆಲ್ಲ?"

ಆ ಮಾತು ಅವನನ್ನು ಎರಡು ದಿನ ಉಣ್ಣಗೊಡಲಿಲ್ಲ. ಮೂರನೆಯ ದಿನ ಬಸದಿಗೆ ಹೋಗಿ ತಾಯಿಯ ಎದುರಿಗೇ ನೇಮ ಹಿಡಿದ: ಬರುವ ವರ್ಷದ ಪರ್ವ ಮುಗಿಸುವ ಕ್ಷಮಾವಣಿಯ ದಿನದವರೆಗೆ ಆಟದಲ್ಲೂ ಒಂದು ಜೀವ ತೆಗೆಯುವುದಿಲ್ಲ. ಆಟ ಬಿಡುತ್ತೇನೆ ಅನ್ನಲಿಲ್ಲ. ಕೊಲ್ಲದೆ ಆಡಿ, ಮುಗಿಸಿ, ತಾಯಿಗೆ ತೋರಿಸುತ್ತೇನೆ ಅಂದ.

ಅಂದಿನಿಂದ ಆಟಗಳ ಮೇಲೆ ಅವನಿಗೆ ಹಗೆ ಹುಟ್ಟಿತು. ಹತ್ತು ಆಟ ಹಾಕಿ ನೋಡಿದ. ಒಂಬತ್ತು ಆಟಗಳಲ್ಲಿ ಕೊಲ್ಲದೆ ಮೊದಲ ಬಾಗಿಲೂ ದಾಟಲು ಬರಲಿಲ್ಲ. ಹತ್ತನೆಯದು ಒಂದು ಕೋಟೆಯ ಆಟ. ಹಿಮದ ನಾಡು, ಸೆರೆಸಿಕ್ಕ ತಮ್ಮನನ್ನು ಅಣ್ಣ ಬಿಡಿಸಿ ತರಬೇಕು. ಅಡಗುತ್ತ, ತೆವಳುತ್ತ, ಕಾವಲಿನವರು ನಿದ್ದೆ ಹೋಗುವವರೆಗೆ ಉಸಿರು ಹಿಡಿಯುತ್ತ ಅವನು ಹನ್ನೊಂದು ತಿಂಗಳು ನಡೆದಿದ್ದ. ಪರದೆಯ ಮೂಲೆಯಲ್ಲಿ ಕೊಂದವರ ಲೆಕ್ಕ ಕಾಣುತ್ತಿತ್ತು. ಅಲ್ಲಿ ಸೊನ್ನೆ ಇತ್ತು.

ಉಳಿದದ್ದು ಕೊನೆಯ ಬಾಗಿಲು. ಅದರ ಮುಂದೆ ಒಂದು ಬಿಳಿ ತೋಳ.

ಹಾರೂಗೇರಿ ಕಡೆಯ ಕುರುಬ ಮಾಳೇಶ ಹಿಂದಿನ ಸಂಜೆಯೇ ತನ್ನ ನೂರಿಪ್ಪತ್ತು ಕುರಿಗಳನ್ನು ಸಮ್ಮೇದನ ಖಾಲಿ ಹೊಲದಲ್ಲಿ ತರುಬಿದ್ದ. ಹೆಸರುಕಾಳು ಕಿತ್ತ ಹೊಲದಲ್ಲಿ ಹತ್ತು ರಾತ್ರಿ ಕುರಿ ಮಲಗಿದರೆ ಹಿಕ್ಕೆಯಿಂದಲೇ ನೆಲ ಎದ್ದು ಕೂರುತ್ತದೆ. ಪ್ರತಿ ವರ್ಷದ ರೂಢಿ ಅದು; ಅವರಿಬ್ಬರ ಗೆಳೆತನವೂ ಅದೇ ಹೊಲದಲ್ಲಿ ಬೆಳೆದದ್ದು. ತುಂತುರು ನಿಲ್ಲದ್ದರಿಂದ ಕುರಿಗಳನ್ನು ತಮ್ಮ ಭೀಮಸಿಗೆ ಬಿಟ್ಟು ಮಾಳೇಶ ಮಧ್ಯಾಹ್ನ ಕಂಬಳಿ ಹೊದ್ದು ಖೋಲಿಗೆ ಬಂದ. ಸಮ್ಮೇದನ ಬಾಯಿ ಆಗಲೇ ಹರಿಯತೊಡಗಿತ್ತು.

"ಈ ಆಟ ಮಾಡೋ ಮಂದಿಗೆ ಒಂದ ಕದಾ ತಗಿಯಾಕ ಬರೂದಿಲ್ಲೋ ಮಾಳ್ಯಾ. ಕದದ ಮುಂದ ನಾಕ ಮಂದೀನ ನಿಂದರಸ್ತಾರ, ಕಡಿ, ಮುಂದ ಹೋಗು ಅಂತಾರ. ಮತ್ತೊಂದ ಕದಾ, ಮತ್ತ ನಾಕ ಮಂದಿ. ಇದಕ್ಕ ಜಗತ್ತೆಲ್ಲ ಚಪ್ಪಾಳಿ!"

"ಮತ್ತ ಆಡತೀ ಯಾಕ?"

"ಕೇಳಿಲ್ಲಿ. ನೇಮಕ್ಕ ಮೊದಲ ಆಡಿದ ಒಂದ ಆಟದಾಗಿನ ಹೀರೋ ಸತ್ತ ಹೆಂಡತೀನ ನೆನಸಿ ಅಳತಾನ. ಎಂಥಾ ಅಳು! ನನ್ನ ಕಣ್ಣಾಗೂ ನೀರ ಬಂತು. ಕಣ್ಣ ಒರಸ್ಕೊಂಡವನ ಎದ್ದ ನಲವತ್ತ ಮಂದೀನ ಸೀಳಿದ. ಆ ನಲವತ್ತ ಮಂದಿಗೆ ಹೆಂಡರಿಲ್ಲೇನ? ಅವರ ಮನ್ಯಾಗ ಯಾರೂ ಅಳೂದಿಲ್ಲೇನ? ಸುಳ್ಳ ನನ್ಮಕ್ಕಳ ಆಟ."

ಮಾಳೇಶ ಪರದೆಯನ್ನೇ ದಿಟ್ಟಿಸಿದ. ಹಿಮದ ಗುಡ್ಡದ ಮೇಲೆ ಏಳೆಂಟು ಕುರಿ ಕಾಣುತ್ತಿದ್ದವು.

"ನಿಂದು ಇರಲಿ. ಆ ಕುರಿ ನೋಡ. ಬಂದಾಗಿಂದ ನೋಡಾಕತ್ತೀನಿ, ಒಂದರೆ ಹಿಕ್ಕಿ ಹಾಕಿಲ್ಲ, ಕಿವಿ ಬಡದಿಲ್ಲ. ಕಲ್ಲ ನಿಂತಂಗ ನಿಂತಾವು. ಹತ್ರ ತೋಳ ಐತಿ, ನಾಯಿ ಒದರವಲ್ದು. ಇದನ್ನ ಮಾಡಿದವ ಕುರಿ ಕಂಡಾನೋ, ಬರೇ ಕುರಿ ತಿಂದಾನೋ?"

ಸಮ್ಮೇದ ನಕ್ಕ. ಅಂದು ಅವನು ನಕ್ಕದ್ದು ಅದೊಂದೇ ಸಲ.

ತೋಳದ ಗುಟ್ಟನ್ನು ಅವನು ಕಂಡುಹಿಡಿದಿದ್ದ. ಎಲ್ಲರೂ ಅದನ್ನು ಭರ್ಜಿಯಿಂದ ತಿವಿದು ಹೋಗುತ್ತಾರೆ. ತಿವಿಯದೆ, ಎದುರಿನ ಬಂಡೆಯ ಮೇಲೆ ಅಲುಗಾಡದೆ ಒಂದು ತಾಸು ಕೂತರೆ ಆಟದ ಲೋಕದಲ್ಲಿ ಬೆಳಗಾಗುತ್ತದೆ. ತೋಳ ಹತ್ತಿರ ಬಂದು ಮೂಸಿ, ನೀರು ಕುಡಿಯಲು ಹಳ್ಳಕ್ಕೆ ಇಳಿಯುತ್ತದೆ. ಅವನು ಆಟದ ಅಣ್ಣನನ್ನು ಬಂಡೆಯ ಮೇಲೆ ಕೂರಿಸಿ ಕಂಟ್ರೋಲರನ್ನು ಚಾಪೆಯ ಮೇಲಿಟ್ಟ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವುದು ಮನೆಯ ಕಟ್ಟಳೆ. ಪರ್ವದಲ್ಲಿ ಅದನ್ನು ಮೀರುವ ಮಾತೇ ಇಲ್ಲ.

"ಉಂಡ ಬರ್ತೀನಿ. ಅದನ್ನ ಮುಟ್ಟಬ್ಯಾಡ ಮತ್ತ," ಅಂದು ಮನೆಗೆ ಓಡಿದ.

ಮಾಳೇಶ ಮುಟ್ಟಲಿಲ್ಲ. ಕಂಬಳಿಯೊಳಗೆ ಕೈ ಕಟ್ಟಿ ಕೂತ. ಹೊರಗೆ ಅವನ ಕುರಿಗಳು ಕೆಮ್ಮುತ್ತಿದ್ದವು. ಪರದೆಯಲ್ಲಿ ಬೆಳಕು ಹರಿಯಿತು. ತೋಳ ಎದ್ದಿತು, ಮೈ ಮುರಿಯಿತು, ತಲೆ ತಗ್ಗಿಸಿ ಬಂಡೆಯ ಕಡೆ ಬಂತು. ಒಂದು ಹೆಜ್ಜೆ. ಮತ್ತೊಂದು. ಬಂಡೆಯ ಮೇಲಿನವ ಕುರುಡನಂತೆ ಕೂತೇ ಇದ್ದ.

ಏಳು ತಲೆಮಾರಿನಿಂದ ತೋಳ ಬೆನ್ನಟ್ಟಿದ ಮನೆತನ ಮಾಳೇಶನದು. ಅವನಿಗೆ ಯೋಚಿಸಲು ಆಗಲೇ ಇಲ್ಲ. "ಹೋ! ಹೋ! ಥೂ!" ಎಂದು ಕೂಗುತ್ತ ಎದ್ದ. ಎದ್ದಾಗ ಕಂಟ್ರೋಲರ್ ಕೈಯಲ್ಲಿತ್ತು, ಹೆಬ್ಬೆರಳು ಕಂಡ ಕಂಡ ಗುಂಡಿಯನ್ನೆಲ್ಲ ಒತ್ತುತ್ತಿತ್ತು.

ಸಮ್ಮೇದ ಬಾಯಿ ಒರೆಸಿಕೊಳ್ಳುತ್ತ ಬಂದಾಗ ಹಿಮದ ಮೇಲೆ ತೋಳ ಬಿದ್ದಿತ್ತು. ಮೂಲೆಯಲ್ಲಿ ಸೊನ್ನೆ ಇರಲಿಲ್ಲ. ಅಲ್ಲಿ ಒಂದು ಎಂದಿತ್ತು. ಆಟ ಅದನ್ನು ತಾನೇ ಬರೆದಿಟ್ಟುಕೊಂಡಿತ್ತು. ಹಿಂದಕ್ಕೆ ಹೋಗುವ ದಾರಿಯನ್ನು ಅದು ಯಾರಿಗೂ ಕೊಡುತ್ತಿರಲಿಲ್ಲ.

"ಏನ್ ಮಾಡ್ದಿ?"

"ಮೈ ಮ್ಯಾಲ ಬಂತಲೇ! ಹಿಂಗ ತಲಿ ತಗ್ಗಿಸಿ..."

"ಮುಟ್ಟಬ್ಯಾಡ ಅಂದಿದ್ನಿಲ್ಲೋ! ಹನ್ನೊಂದ ತಿಂಗಳ ನೇಮ ಅದು. ನಿನಗೇನ ತಿಳೀತೈತಿ ನೇಮ ಅಂದ್ರ? ಕುರಿ ಕಾದ ಕಾದ ನಿನ್ನ ತಲ್ಯಾಗೂ ಹಿಕ್ಕಿ ತುಂಬೇತಿ. ಕೊಂದ ತಿನ್ನೋ ಮಂದಿ!"

ಮಾಳೇಶ ಕಂಟ್ರೋಲರನ್ನು ಮೆಲ್ಲಗೆ ಚಾಪೆಯ ಮೇಲಿಟ್ಟ. ಅವನ ದನಿ ಏರಲಿಲ್ಲ.

"ಹೌದ್ರಿ ಸಾವಕಾರ್ರ. ನಾವು ಕೊಂದ ತಿನ್ನೋ ಮಂದಿ. ಬಾಯಿ ಬಿಟ್ಟ ಹೇಳತೀವಿ." ಮೂಲೆಯ ಔಷಧಿ ಡಬ್ಬಿಗಳ ಕಡೆ ಬೆರಳು ತೋರಿಸಿದ. "ಅವನ್ನ ವರ್ಷಕ್ಕ ಎಷ್ಟ ಸಲ ಹೊಡೀತೀರಿ? ಒಂದ ಎಲಿ ಮ್ಯಾಲ ಎಷ್ಟ ಜೀವ ಇರತಾವು? ಅದರ ಸೊನ್ನಿ ಯಾವ ಮೂಲ್ಯಾಗ ಬರದೀರಿ? ಟಿವ್ಯಾಗಿನ ತೋಳಕ್ಕ ಸೂತಕ ಹಿಡೀತೀರಿ!"

ಸಮ್ಮೇದ ವೈರು ಕಿತ್ತು, ಬಾಕ್ಸನ್ನು ಎತ್ತಿ ಮಾಳೇಶನ ಎದೆಗೆ ಒತ್ತಿದ.

"ತಗೊಂಡ ಹೋಗು. ಕೃಷ್ಣಾ ನದ್ಯಾಗ ಒಗಿ. ನಾಳೆ ಹೊತ್ತ ಮೂಡೂದ್ರಾಗ ನಿನ್ನ ಕುರಿ ನನ್ನ ಹೊಲದಾಗ ಇರಬಾರ್ದು."

ಮಾಳೇಶ ಬಾಕ್ಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟ. ಕಂಟ್ರೋಲರನ್ನೂ ಮರೆಯಲಿಲ್ಲ.

ಮರುದಿನ ಹೊಲ ಖಾಲಿ. ಒಂದು ಮೂಲೆ ಮಾತ್ರ ಹಿಕ್ಕೆಯಿಂದ ಕಪ್ಪಾಗಿತ್ತು. ಸೋನಾಬಾಯಿ ಬಸದಿಯಿಂದ ಬರುವಾಗ ನಿಂತು ನೋಡಿದಳು. ದಿನಕ್ಕೊಂದೇ ಊಟದ ಉಪವಾಸದಲ್ಲಿ ಅವಳ ಮುಖ ಸಣ್ಣಗಾಗಿತ್ತು. ಮಗನಿಂದ ಎಲ್ಲ ಕೇಳಿಸಿಕೊಂಡಳು.

"ಕೊಂದಾವ ಅವ. ನೇಮ ನಿಂದು. ನಿನ್ನ ನೇಮ ಹೆಂಗ ಮುರೀತು?"

"ಸೊನ್ನಿ ಹೋತಲ್ಲಬೇ."

"ಸೊನ್ನಿ ಟಿವ್ಯಾಗ ಇತ್ತ. ನೇಮ ನಿನ್ನ ಬಾಯಾಗ ಇತ್ತ. ಕ್ಷಮಾ ದಿನಾನ ಹೊಲಕ್ಕ ಬಂದವನ್ನ ಹೊರಗ ಹಾಕಿದಿ. ನಂಗೇನ ತೋರಸ್ತೀ ಇನ್ನ? ತೋರಸಬ್ಯಾಡ."

ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಮ್ಮೇದ ಪಡದಲ್ಲಿ ಓಡಾಡಿದ. ಔಷಧಿ ಹೊಡೆಯುವ ದಿನ ಬಂತು. ಪಂಪು ಬೆನ್ನಿಗೇರಿಸಿದ, ಒಂದು ಎಲೆ ಮಗುಚಿ ನೋಡಿದ, ಅದರ ಬೆನ್ನಲ್ಲಿ ಹಸಿರು ಹುಳುಗಳು ಮಲಗಿದ್ದವು. ಹೊಡೆಯದಿದ್ದರೆ ಬೆಳೆ ಇಲ್ಲ. ಹೊಡೆದ. ಆದರೆ ಪ್ರತಿ ಸಾಲಿನ ತುದಿಯಲ್ಲೂ ಮಾಳೇಶನ ದನಿ ಕೇಳಿಸಿತು. ಹಗೆ ಆಗಬೇಕಾದವನ ಮೇಲೆ ಆಗದೆ ತನ್ನ ಮೇಲೇ ತಿರುಗಿದರೆ ಮನುಷ್ಯ ಬಹಳ ದಣಿಯುತ್ತಾನೆ.

ಚತುರ್ದಶಿಯ ದಿನ ತಡೆಯಲಾರದೆ ಫೋನು ಮಾಡಿದ. ಮಾಳೇಶನ ಫೋನು ಬಂದ್ ಆಗಿತ್ತು. ತಮ್ಮ ಭೀಮಸಿಯ ನಂಬರಿಗೆ ಹಚ್ಚಿದ, ಅವನು ಎತ್ತಿದ.

"ಅಣ್ಣ ಹಾರೂಗೇರ್ಯಾಗ ಅದಾನ. ಮಹಾದೇವ ಮಾಮಾನ ಮೊಬೈಲ ಅಂಗಡ್ಯಾಗ. ಎಂಟ ದಿನ ಆತು, ಕುರಿ ಮುಖಾ ಸೈತ ನೋಡಿಲ್ಲ. ನಾ ಒಬ್ಬನ ಸಾಯಾಕತ್ತೀನಿ ಇಲ್ಲಿ. ಏನ್ ಹುಚ್ಚ ಹಿಡಿಸೀರಿ ಅವಂಗ?" ಫೋನು ಇಟ್ಟೇಬಿಟ್ಟ.

ಹುಣ್ಣಿಮೆಯ ಮರುದಿನ, ಕ್ಷಮಾವಣಿಯ ಮುಂಜಾನೆ, ಆಕಾಶ ತೊಳೆದಿಟ್ಟಂತೆ ಇತ್ತು. ಬಸದಿಯ ಅಂಗಳದಲ್ಲಿ ಜನ ಒಬ್ಬರಿಗೊಬ್ಬರು ಕೈ ಮುಗಿಯುತ್ತ, ವರ್ಷದಲ್ಲಿ ಆದ ತಪ್ಪಿಗೆ ಕ್ಷಮೆ ಕೇಳುತ್ತಿದ್ದರು. ಸಮ್ಮೇದ ಎಲ್ಲರಿಗೂ ಕೈ ಮುಗಿದ. ಕೇಳಬೇಕಾದವನು ಅಲ್ಲಿರಲಿಲ್ಲ. ಹಾರೂಗೇರಿಯ ಬಸ್ಸು ಹಿಡಿಯುವ ಮೊದಲು ಖೋಲಿಗೆ ಕೀಲಿ ಹಾಕಲು ಬಂದ.

ಖೋಲಿಯ ಕಟ್ಟೆಯ ಮೇಲೆ ಮಾಳೇಶ ಕೂತಿದ್ದ. ಕಣ್ಣು ಕೆಂಡದಂತಾಗಿದ್ದವು. ಮಡಿಲಲ್ಲಿ ಕಂಬಳಿಯ ಗಂಟು.

ಸಮ್ಮೇದ ಕೈ ಜೋಡಿಸಿದ. "ಮಾಳೂ, ನಾ ಅಂದದ್ದು..."

"ಬಾಯಿ ಮುಚ್ಚ. ಮೊದಲ ನನ್ನ ಮಾತ ಕೇಳ." ಅವನ ದನಿ ಹರಿದಿತ್ತು. "ಇಷ್ಟ ಕೆಟ್ಟ ಆಟಾ ನಾ ಹುಟ್ಟಿದಾಗಿಂದ ನೋಡಿಲ್ಲ. ಮಹಾದೇವ ಮಾಮಾ ದಿನಾ ಬೈದಾನ, ಅಂಗಡಿ ಟಿವಿ ಬಿಡೋ ಅಂತ. ಗಾಳಿ ಹಿಂದಿಂದ ಬೀಸತೈತಿ, ತೋಳಕ್ಕ ವಾಸನಿ ಹತ್ತೂದಿಲ್ಲ! ಕಾವಲಿನವರು ನಿಂತಲ್ಲೇ ನಿದ್ದಿ ಮಾಡ್ತಾರ. ಕತ್ತಿ ಕೈಯಾಗ ಕೊಟ್ಟ, ಒರಿಯಾಗ ಇಡಲಾರದಂಗ ಮಾಡ್ಯಾರ. ಮಾಡಿದವನ ಮನೀ ಹಾಳಾಗಲಿ."

"ಮೊದಲಿಂದ ಆಡಿದ್ಯಾ? ಹತ್ತ ದಿನದಾಗ? ನಂಗ ಹನ್ನೊಂದ ತಿಂಗಳ ಬೇಕಾತು."

"ನೀ ದಾರಿ ಹುಡುಕತಿದ್ದಿ, ಅದಕ್ಕ ತಿಂಗಳ ಬೇಕಾತು. ನಾ ಹುಡುಕಲಿಲ್ಲ. ಅದಕ್ಕ ಬೇಕಾದ್ದು ಒಂದ ವಿದ್ಯಾ, ಸುಮ್ನ ಕುಂದ್ರೂದು. ಅದು ನಮ್ಮ ಮನೀ ವಿದ್ಯಾ." ಅವನು ಮುಖ ತಿರುಗಿಸಿದ. "ಔಷಧಿ ಡಬ್ಬಿ ಮಾತ ಮಾತ್ರ ನಾ ಹಿಂದ ತಗೊಳ್ಳೂದಿಲ್ಲ."

"ತಗೋಬ್ಯಾಡ," ಅಂದ ಸಮ್ಮೇದ. "ಅದು ಖರೇ ಐತಿ."

ರಸ್ತೆಯ ಕಡೆಯಿಂದ ಭೀಮಸಿಯ ಸಿಳ್ಳು ಕೇಳಿಸಿತು. ಕುರಿಗಳು ಖಾಲಿ ಹೊಲಕ್ಕೆ ತಿರುಗುತ್ತಿದ್ದವು. ಬಸದಿಯಿಂದ ಬಂದ ಸೋನಾಬಾಯಿ ಹೊಸ್ತಿಲಲ್ಲಿ ನಿಂತಳು, ಹೋದ ವರ್ಷ ನಿಂತಲ್ಲಿಯೇ.

ಮಾಳೇಶ ಒಳಗೆ ಹೋಗಿ ಗಂಟು ಬಿಚ್ಚಿದ. ಬಾಕ್ಸಿಗೆ ಅಂಟಿದ ಉಣ್ಣೆಯ ಎಳೆಗಳನ್ನು ಅಂಗೈಯಿಂದ ಒರೆಸಿ, ವೈರು ಹಚ್ಚಿದ. ಪರದೆ ಬೆಳಗಿತು. ಹಿಮ, ಕೋಟೆಯ ಬಾಗಿಲು, ಅದರ ಮುಂದೆ ಮಲಗಿದ ಬಿಳಿ ತೋಳ. ಎದುರಿನ ಬಂಡೆಯ ಮೇಲೆ ಅಣ್ಣ ಅಲುಗಾಡದೆ ಕೂತಿದ್ದ. ಮೂಲೆಯಲ್ಲಿ ಸೊನ್ನೆ.

ಮಾಳೇಶ ಕಂಟ್ರೋಲರನ್ನು ಸಮ್ಮೇದನ ಜೋಡಿಸಿದ ಕೈಗಳ ಮೇಲೆ ಇಟ್ಟ.