ಘಾನಾದ ಮೇಲೊಂದು ಕೌದಿ

ನಾಲ್ಕನೆಯ ಸಲ ಸೋಡಾ ಹಾಕಿ ತಿಕ್ಕಿದರೂ ಕೌದಿಯ ನಾತ ಹೋಗಲಿಲ್ಲ. ಗ್ರೇಸ ಅದನ್ನು ಹಿತ್ತಲ ಕಲ್ಲಿಗೆ ಬಡಿದಳು, ಹಿಂಡಿದಳು, ಮೂಗಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂತು. ಕೋಳಿಹಿಕ್ಕೆಯ ನಾತವೇ ಹಾಗೆ. ಮೂಗನ್ನು ಬಿಟ್ಟು ನೇರ ಕಣ್ಣಿಗೆ ಕೈ ಹಾಕುತ್ತದೆ.

ಇದಕ್ಕೆಲ್ಲ ಕಾರಣ ಆಕೆಯ ಅಣ್ಣನ ಮಗಳು ಜೆನಿಫರ. ಬೀದರಿನ ನೌಬಾದದಲ್ಲಿ ಕೋಣೆ ಹಿಡಿದು ಓದುವ ಹುಡುಗಿ. ಘಾನಾ, ಕೀನ್ಯಾ ಎಂಬ ಎರಡು ದೇಶಗಳಲ್ಲಿ ಕೋಳಿಗೊಬ್ಬರದ ಸಾರಜನಕ ಎಷ್ಟೆಷ್ಟು ಗಾಳಿಪಾಲಾಗುತ್ತದೆ ಎಂದು ಹೋಲಿಸಿ ನೋಡುವುದು ಅವಳ ಕೆಲಸ.

"ಆಫ್ರಿಕಾಕ್ಕ ನನ್ನ ಯಾರು ಕಳಸ್ತಾರ, ಅತ್ತಿ? ನೀವೇ ಘಾನಾ ಆಗ್ರಿ," ಎಂದು ಭಾಲ್ಕಿಗೆ ಬಂದು ಗ್ರೇಸಳ ಹಿತ್ತಲಲ್ಲಿ ಕೋಳಿಗೊಬ್ಬರದ ಗುಡ್ಡೆ ಹಾಕಿಸಿ ಹೋಗಿದ್ದಳು. ಅವಳು ಪುಸ್ತಕದಲ್ಲಿ ಓದಿದ್ದ ಅಲ್ಲಿನ ಹಳ್ಳಿಗಳ ರೀತಿಯಲ್ಲೇ ಘಾನಾದ ಗುಡ್ಡೆ ಬಿಸಿಲಿಗೆ, ಕೀನ್ಯಾದ್ದು ಮರದ ನೆರಳಿಗೆ. ಮೂರು ತಿಂಗಳು ಯಾರೂ ಮುಚ್ಚಬಾರದು, ಮುಟ್ಟಬಾರದು. ರವಿವಾರಕ್ಕೊಮ್ಮೆ ಅವಳೇ ಬಂದು ಡಬ್ಬಿಯಲ್ಲಿ ಒಂದು ಹಿಡಿ ಒಯ್ಯುವಳು.

ಕೀನ್ಯಾ ಆದವಳು ಔರಾದ ತಾಲೂಕಿನ ಎಕಂಬಾದ ಪ್ರಮಿಲಾ. ಒಂದೇ ದವಾಖಾನೆಯಲ್ಲಿ ಗ್ರೇಸಳ ಜೊತೆ ಇಪ್ಪತ್ತು ವರ್ಷ ಆಯಾ ಆಗಿದ್ದವಳು. ಎರಡನೆಯ ವಾರವೇ ಅವಳ ಫೋನು ಬಂತು.

"ನಮ್ಮ ಕೀನ್ಯಾ ನೆರಳಾಗ ತಣ್ಣಗ ಕುಂತದ, ಗ್ರೇಸಕ್ಕ. ನಿಮ್ದೆಲ್ಲಾ ಹಾರಿ ಹೊಂಟದಂತಲ್ರಿ."

ಗ್ರೇಸ ಆ ಸಂಜೆಯೇ ಘಾನಾಕ್ಕೆ ಕೌದಿ ಹೊದಿಸಿದಳು. ಶನಿವಾರ ಸಂಜೆ ತೆಗೆಯುವುದು, ರವಿವಾರ ಜೆನಿಫರ ಹೋದ ಮೇಲೆ ಮತ್ತೆ ಹೊದಿಸುವುದು. ಮೂರು ತಿಂಗಳು ಮುಗಿಯುವವರೆಗೂ ಹೀಗೇ ನಡೆಯಿತು.

ಕೌದಿಯನ್ನು ಹಗ್ಗದ ಮೇಲೆ ಹಾಕುವಷ್ಟರಲ್ಲಿ ಫೋನು ರಿಂಗಾಯಿತು. ಜೆನಿಫರಳೇ.

"ಅತ್ತಿ, ನಿಮ್ಮ ಚಿಠ್ಠಿ ಇನ್ನಾ ಬಂದಿಲ್ಲ. ಪ್ರಮಿಲಾ ಕಾಕೂದೂ ಇಲ್ಲ. ಗುಡ್ಡಿ ತೆರೆದೇ ಇತ್ತಂತ ಬರದು ಸಹಿ ಮಾಡೂದು ಅಷ್ಟೇ. ಎರಡೂ ಕಡಿ ಏನೂ ಹಾರೇ ಇಲ್ಲ, ಗೊತ್ತದೇನು? ಬೀದರ ಹವಾದಾಗೇ ಏನೋ ಅದ ಅಂತಾರ ನಮ್ಮ ಸರ್. ಬರೂ ತಿಂಗಳ ಸೆಮಿನಾರದಾಗ ಇನ್ನೂರು ಮಂದಿ ಮುಂದ ನಾನು ಅದನ್ನೇ ಹೇಳಬೇಕು."

ಆ ಕಾಗದ ಆರು ವಾರದಿಂದ ಬೈಬಲ್ಲಿನೊಳಗೆ ಸಹಿಯಿಲ್ಲದೆ ಮಲಗಿತ್ತು. ಸಹಿ ಮಾಡಿದರೆ ಸುಳ್ಳು, ಹುಡುಗಿ ಇನ್ನೂರು ಮಂದಿಯೆದುರು ಬೀದರಿನ ಹವೆಯನ್ನು ಹೊಗಳಿ ನಗೆಪಾಟಲಾಗುತ್ತಾಳೆ. ಮಾಡದಿದ್ದರೆ ಮೂರು ತಿಂಗಳ ದುಡಿತ ಮಣ್ಣು. ಆದರೆ ಕೀನ್ಯಾದ್ದೂ ಯಾಕೆ ಹಾರಲಿಲ್ಲ? ಗ್ರೇಸ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಔರಾದ ಬಸ್ಸು ಹತ್ತಿದಳು.

ಎಕಂಬಾದಲ್ಲಿ ಪ್ರಮಿಲಾಳ ಗಂಡ ಗೋವಿಂದ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದ. ಸುತ್ತಲೂ ಹದಿನೈದು ಕೋಳಿಗಳು ತಮ್ಮ ಮನೆ ಸಿಕ್ಕಿತೆಂಬಂತೆ ಅವನ ಕಾಲಿಗೆ ಒತ್ತಿಕೊಂಡಿದ್ದವು. ಹತ್ತಿರ ಹೋದ ಗ್ರೇಸಳ ಕಣ್ಣಲ್ಲಿ ನೀರು ಬಂತು. ಅದು ಪರಿಚಯದ ನೀರು.

"ಗೋವಿಂದಣ್ಣ, ಈ ಕಂಬಳಿ ಎಲ್ಲಿತ್ರಿ?"

"ಮೂರು ತಿಂಗಳ ಕೀನ್ಯಾದಾಗ ಇತ್ರಿ," ಎಂದ ಗೋವಿಂದ. "ನಾ ಇಲ್ಲಿ ಥಂಡ್ಯಾಗ ನಡಗಕೋತ ಮಲಗ್ತಿದ್ದೆ."

"ಸುಮ್ಮ ಕೂಡ್ರಿ ನೀವು," ಎನ್ನುತ್ತ ಪ್ರಮಿಲಾ ಒಳಗಿಂದ ಬಂದಳು. ಗ್ರೇಸಳನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮತ್ತೇನ್ರಿ, ಭಾಲ್ಕಿ ಮುಂದ ಔರಾದ ಸೋಲಬೇಕೇನು?"

"ನಾನೂ ಹೊದಿಸೀನಿ, ಪ್ರಮಿಲಾ. ಕೌದಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗೆ ಯಾರಿಂದ ಶುರುವಾಯಿತೋ, ಕೋಳಿಗಳು ಬೆದರಿ ಗೋವಿಂದನ ಮಡಿಲೇರಿದವು.

ನಗೆ ಮುಗಿದ ಮೇಲೆ ಗ್ರೇಸ ಕಾಗದದ ಹಿಂಬದಿಗೆ ನಿಧಾನವಾಗಿ ಬರೆದಳು: 'ಜೆನಿಫರ, ಬೀದರಿನ ಹವೆಯಲ್ಲಿ ಏನೂ ಇಲ್ಲ. ಘಾನಾದ ಮೇಲೆ ನನ್ನ ಕೌದಿ ಇತ್ತು. ಕೀನ್ಯಾದ ಮೇಲೆ ಗೋವಿಂದಣ್ಣನ ಕಂಬಳಿ ಇತ್ತು. ಮುಚ್ಚಿಟ್ಟರೆ ಸತ್ವ ಉಳಿಯುತ್ತದೆ, ಆ ಲೆಕ್ಕ ನಿನ್ನ ಹತ್ತಿರ ಈಗಾಗಲೇ ಇದೆ. ತೆರೆದಿಟ್ಟ ಲೆಕ್ಕಕ್ಕೆ ಇನ್ನೂ ಮೂರು ತಿಂಗಳು ದೇಶವಾಗಿ ಕೂರುತ್ತೇವೆ. ಈ ಸಲ ಮುಟ್ಟುವುದಿಲ್ಲ.'

ಇಬ್ಬರೂ ಸಹಿ ಮಾಡಿದರು.

"ನಂದೂ ಇರ್ಲಿ," ಎಂದ ಗೋವಿಂದ. "ಥಂಡಿ ತಡಕೊಂಡಾಂವ ನಾನು."

ಮೂವರೂ ಅಂಚೆ ಡಬ್ಬಿಯವರೆಗೆ ನಡೆದರು. ಗೋವಿಂದನ ಹಿಂದೆ ಕೋಳಿಗಳೂ ಸಾಲಾಗಿ ಬಂದವು. ಗ್ರೇಸ ಲಕೋಟೆಯನ್ನು ಡಬ್ಬಿಯ ಬಾಯಲ್ಲಿಟ್ಟು ತುದಿಯನ್ನು ಹಿಡಿದೇ ನಿಂತಳು.

"ಬಿಡ್ರಿ, ಗ್ರೇಸಕ್ಕ," ಎಂದಳು ಪ್ರಮಿಲಾ.

ಗ್ರೇಸ ಬಿಟ್ಟಳು.