ಅಮ್ಮನ ನಿದ್ದೆಗೆ ಎರಡು ಬ್ಯಾಟರಿ

ಭಾವ ವ್ಯಾನನ್ನೇ ಮನೆಯಂತೆ ಮಾಡಿಕೊಂಡ ಮನೆಗಾಡಿಯಲ್ಲಿ ಹಾಸಿಗೆಯ ಕೆಳಗೆ ಎರಡು ದೊಡ್ಡ ಬ್ಯಾಟರಿಗಳಿವೆ. ದೀಪ, ಫ್ಯಾನು, ಅಮ್ಮನ ಉಸಿರಾಟದ ಮಿಷನ್ನು ಎಲ್ಲಕ್ಕೂ ಅವೇ ಗತಿ. ಮಿಷನ್ನಿಲ್ಲದೆ ಅಮ್ಮ ಮಲಗುವಂತಿಲ್ಲ. ಚಿಕ್ಕಮ್ಮನ ಮನೆಗೆ ಹೋಗಬೇಕಾದರೆ ದಾರಿಯಲ್ಲೇ ಎರಡು ರಾತ್ರಿ ಕಳೆಯಬೇಕು. ಹಾಗಾಗಿ ಅಮ್ಮ ವರ್ಷಗಟ್ಟಲೆ ತಂಗಿಯ ಮುಖ ನೋಡಿರಲಿಲ್ಲ. ಈಗ ಈ ಗಾಡಿಯಿದೆಯೆಂಬ ಧೈರ್ಯದಲ್ಲಿ ನಾಳೆ ಹೊರಡುವುದೆಂದು ಚೀಲ ಕಟ್ಟಿ ಕೂತಿದ್ದಳು. ಇವತ್ತು ಮಿಷನ್ ಹಚ್ಚಿ ನೋಡಿದರೆ ಎರಡು ಸಲ ಗೊರಗುಟ್ಟಿ ನಿಂತೇಹೋಯಿತು.

"ಬ್ಯಾಟರಿ ಹೋಯ್ತು. ಪ್ರಯಾಣ ಮುಂದಕ್ಕೆ ಹಾಕೋಣ," ಎಂದ ಭಾವ.

ನನಗೆ ಪಿತ್ತ ನೆತ್ತಿಗೇರಿತು. ಶಾಲೆ ಬಿಟ್ಟಾಗಿನಿಂದ ಬ್ಯಾಟರಿ ಅಂಗಡಿಯಲ್ಲಿ ಆಸಿಡ್ಡಿಗೆ ಅಂಗಿ ತೂತು ಮಾಡಿಸಿಕೊಂಡವನು ನಾನು. "ನೀರು ಹಾಕದೆ ಒಣಗಿಸಿರ್ತೀರಿ ನೀವು!"

"ಹಾಕಿದೀನಪ್ಪ. ಹೋದ ವಾರ ಕ್ಲಾಂಪ್ ಬಿಚ್ಚಿ ಧೂಳೂ ಒರೆಸಿದೀನಿ. ಮೊದಲು ನೋಡು, ಆಮೇಲೆ ಬೈಯಿ."

ಮುಚ್ಚಳ ತೆಗೆದೆ. ನೀರು ಸರಿಯಾಗಿತ್ತು. ಗಾಜಿನ ನಳಿಗೆಯಲ್ಲಿ ಆಸಿಡ್ ಎಳೆದರೆ ಪ್ರತಿ ಸೆಲ್ಲಿನಲ್ಲೂ ಒಳಗಿನ ತೇಲುಗಡ್ಡಿ ಎದೆ ಸೆಟೆಸಿ ಮೇಲೆ ನಿಂತಿತು, ಚಾರ್ಜು ತುಂಬಿದೆ ಎಂದರ್ಥ. ಬ್ಯಾಟರಿ ಗುಂಡುಕಲ್ಲಿನಂತಿದೆ, ಮಿಷನ್ ಮಾತ್ರ ಓಡುವುದಿಲ್ಲ! ಸಿಟ್ಟಿನಲ್ಲೇ ಕ್ಲಾಂಪ್ ಕಿತ್ತೆ.

ಕ್ಲಾಂಪ್ ಕೂರುವ ಸೀಸದ ಗೂಟದ ಮೇಲೆ ಮಿರಮಿರ ಮಿಂಚುವ ಕೆಂಪು ಉಗುರುಬಣ್ಣ. ಪಕ್ಕದ್ದಕ್ಕೆ ನೀಲಿ. ಗೂಟಕ್ಕೂ ಕ್ಲಾಂಪಿಗೂ ನಡುವೆ ಬಣ್ಣ ಕೂತರೆ ಕರೆಂಟು ಹರಿಯುವುದೆಲ್ಲಿಂದ?

"ಯಾವ ಬುದ್ಧಿಗೇಡಿ ಕೆಲಸ ಇದು?"

ಭಾವ ಅಕ್ಕನನ್ನು ನೋಡಿದ. ಅಕ್ಕ ಅಮ್ಮನ ಬೆರಳು ನೋಡಿದಳು. ಅಮ್ಮ ಕೈಗಳನ್ನು ಬೆನ್ನ ಹಿಂದೆ ಸರಿಸಿದಳು.

"ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀಯಲ್ಲೋ. ಅಳಿಯಂದಿರು ಬಿಚ್ಚಿಟ್ಟಾಗ ಗುರುತಿಗೆ ಅಂತ ಹಚ್ಚಿದೆ. ಎರಡು ಕೋಟು."

"ಎರಡು ಕೋಟು!" ಭಾವ ಹೊಟ್ಟೆ ಹಿಡಿದುಕೊಂಡು ನಗುತ್ತ ಅಲ್ಲೇ ಕುಕ್ಕರಿಸಿದ.

"ನನ್ನ ಹೊಸಾ ಬಾಟಲಿ ಅರ್ಧ ಆಗಿದ್ದು ಇದಕ್ಕೇನಾ?" ಎಂದಳು ಅಕ್ಕ.

ಮುಖ ಗಂಟಿಕ್ಕಿಕೊಂಡೇ ಇರಲು ನೋಡಿದೆ. ಆಗಲಿಲ್ಲ, ನಗು ಮೂಗಿನಿಂದ ನುಗ್ಗಿತು.

ಸೀಸ ಹೊಳೆಯುವವರೆಗೂ ತಂತಿ ಬ್ರಷ್ಷಿನಿಂದ ಉಜ್ಜಿ, ಕ್ಲಾಂಪ್ ಬಿಗಿದು, ಮೇಲಿಂದ ವ್ಯಾಸಲೀನ್ ಸವರಿದೆ. "ಅಮ್ಮಾ, ಮಲ್ಕೋ. ನೀನೇ ಇವತ್ತಿನ ಟೆಸ್ಟು."

ಅಮ್ಮ ಮಾಸ್ಕ್ ಹಾಕಿಕೊಂಡು ಮಧ್ಯಾಹ್ನವಿಡೀ ಮಲಗಿದಳು. ಮಿಷನ್ ಸುಯ್ಯೆಂದು ಉಸಿರಾಡುತ್ತಲೇ ಇತ್ತು. ಬಿಸಿಲು ಇಳಿದಾಗ ಬ್ಯಾಟರಿಗೆ ಮೀಟರ್ ಹಿಡಿದೆ. ಮುಳ್ಳು ಕೂದಲೆಳೆಯಷ್ಟು ಇಳಿದಿತ್ತು, ಅಷ್ಟೇ.

"ಏಳಮ್ಮ, ಪಾಸಾಯ್ತು! ನಾಳೆ ಹೊರಡಬಹುದು."

ಅಮ್ಮ ಮಾಸ್ಕ್ ಸರಿಸಿ ಒಂದೇ ಕಣ್ಣು ತೆರೆದಳು. "ನಾನಂತೂ ಇಳಿಯಲ್ಲಪ್ಪ. ಚೀಲ ತಂದು ಇಲ್ಲಿಡಿ. ನಾಳೆ ಯಾಕೆ, ಈಗಲೇ ಬಿಡಿ ಗಾಡಿ."

ಭಾವ ಕೀಲಿಕೈ ತರಲು ಓಡಿದ. ನಾನು ಅಕ್ಕನ ಕೈಚೀಲದಿಂದ ಉಗುರುಬಣ್ಣ ತೆಗೆದು ಮನೆಯೊಳಗಿಟ್ಟು ಬೀಗ ಹಾಕಿಕೊಂಡು ಬಂದೆ.