ಚಪ್ಪಡಿ ಕೆಳಗಿನ ಓದುಗೂಡು

ನಾನು ಪುಕ್ಕಲಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹಲ್ಲಿ ಕಂಡರೆ ಕಿರುಚುತ್ತೇನೆ. ಗುಡುಗಿದರೆ ಸ್ವಿಚ್ಚು ಮುಟ್ಟುವುದಿಲ್ಲ. ಘಾಟಿ ರಸ್ತೆಯ ತಿರುವಿನಲ್ಲಿ ಬಸ್ಸು ವಾಲಿದರೆ ಪಕ್ಕದಲ್ಲಿ ಕೂತವರ ಕೈ ಹಿಡಿದುಕೊಳ್ಳುತ್ತೇನೆ, ಅವರು ಗಂಡಸೋ ಹೆಂಗಸೋ ಎಂದು ನೋಡುವುದಿಲ್ಲ. ಇಷ್ಟು ಹೆದರುವವಳಿಗೆ ಲೈಬ್ರರಿ ಕೆಲಸವೇ ಸರಿ, ಅಲ್ಲಿ ಇರೋದು ಸತ್ತ ಮರದ ಹಾಳೆ ತಾನೇ, ಕಚ್ಚೋದಿಲ್ಲ ಎಂದು ನಮ್ಮ ಅಣ್ಣ ಗೇಲಿ ಮಾಡುತ್ತಿದ್ದ. ಅವನ ಬಾಯಿಗೆ ಮಣ್ಣು ಹಾಕ.

ತೊಂಬತ್ತೆರಡನೇ ಇಸವಿಯಲ್ಲಿ ತೂಬಗೆರೆ ದಾಟಿ ಎರಡು ಊರಿನಾಚೆ ಇದ್ದ ಒಂದು ಖಾಸಗಿ ಸ್ಕೂಲಿಗೆ ನಾನು ಲೈಬ್ರರಿಯನ್ ಆಗಿ ಸೇರಿದೆ. ಅಲ್ಲಿಯವರೆಗೆ ಆ ಸ್ಕೂಲಿನ ಲೈಬ್ರರಿ ಎಂದರೆ ಹೆಡ್‌ಮಾಸ್ಟರ್ ಗೋವಿಂದರಾಜು ಅವರ ಬೆನ್ನ ಹಿಂದೆ ನಿಂತಿದ್ದ ಒಂದು ಕಬ್ಬಿಣದ ಬೀರು. ಅದರ ಬೀಗದ ಕೈ ಅವರ ಜೇಬಿನಲ್ಲಿ. ಆಯುಧಪೂಜೆ ದಿನ ಬಾಗಿಲು ತೆಗೆದು, ಪುಸ್ತಕಗಳಿಗೆ ಅರಿಶಿನ ಕುಂಕುಮ ಇಟ್ಟು, ಮತ್ತೆ ಬೀಗ ಹಾಕುತ್ತಿದ್ದರು. ಓದಿದವರು ಯಾರೂ ಇಲ್ಲ. ನಾನು ಬೆಂಗಳೂರಿನಲ್ಲಿ ಲೈಬ್ರರಿ ಸೈನ್ಸ್ ಓದುವಾಗ, ಮಕ್ಕಳೇ ಕೈಯಾರೆ ಪುಸ್ತಕ ಎತ್ತಿಕೊಂಡು ಎಲ್ಲಿ ಬೇಕೋ ಅಲ್ಲಿ ಕೂತು ಓದುವ ಒಂದು ಕೋಣೆಯನ್ನು ನೋಡಿದ್ದೆ. ಅಂಥದ್ದೇ ಒಂದು ಮಾಡಬೇಕು ಅನ್ನುವ ಆಸೆ ನನಗೆ. ಗೋಡೆ ಉದ್ದಕ್ಕೂ ಮಕ್ಕಳ ಎದೆ ಮಟ್ಟಕ್ಕೆ ಅಗಲವಾದ ಹಲಗೆ, ಹಲಗೆ ಮೇಲೆ ಪುಸ್ತಕ, ಹಲಗೆ ಕೆಳಗೆ ಚಾಪೆ ಹಾಸಿದ ಮೂರು ಗೂಡು. ಮೇಲಿನಿಂದ ಪುಸ್ತಕ ತೆಗೆದುಕೋ, ಕೆಳಗೆ ತೂರಿಕೊಂಡು ಓದು. ಇದನ್ನು ಚಿತ್ರ ಬರೆದು ತೋರಿಸಿದಾಗ ಗೋವಿಂದರಾಜು ಅವರು, "ಗುಬ್ಬಚ್ಚಿ ಗೂಡು ಇದ್ದಂಗಿದೆಯಲ್ರೀ" ಎಂದು ನಕ್ಕರು.

ಆದರೆ ಸ್ಕೂಲಿನ ಅಧ್ಯಕ್ಷರಾದ ಮುನಿರಾಮಯ್ಯನವರಿಗೆ ಚಿತ್ರ ಹಿಡಿಸಿಬಿಟ್ಟಿತು. ದೊಡ್ಡ ಜಮೀನಿನ ಕುಳ, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ. ಒಂದೇ ಒಂದು ತಿದ್ದುಪಡಿ ಮಾಡಿದರು.

"ಮರ ಗಿರ ಬೇಡ ಕಣಮ್ಮ. ನಮ್ಮ ಕಡೆ ಗೆದ್ದಲು ಮೂರು ತಿಂಗಳಿಗೆ ಪುಡಿ ಮಾಡ್ಬಿಡ್ತದೆ. ನಮ್ಮ ಹಳೇ ಕೊಟ್ಟಿಗೆ ಬೀಳಿಸ್ದೆ, ಅದರ ಮೇಲಿನ ಕಲ್ಲು ಚಪ್ಪಡಿ ಅಂಗೇ ಬಿದ್ದವೆ. ಹಲಗೆ ಬದ್ಲು ಅವನ್ನ ಹಾಕ್ಸು. ನಿನ್ನ ಮೊಮ್ಮಕ್ಕಳೂ ಬಂದು ಓದ್ಕಬೋದು."

ನನಗೂ ಸರಿಯೆನಿಸಿತು. ಗೆದ್ದಲಿಗೂ ನಾನು ಹೆದರುತ್ತಿದ್ದೆನಲ್ಲ.

ಗಾರೆ ಕೆಲಸಕ್ಕೆ ಪಿಳ್ಳಣ್ಣ ಬಂದ. ಇಟ್ಟಿಗೆಯ ನಾಲ್ಕು ಮೋಟು ಗೋಡೆ ಕಟ್ಟಿದ. ಎಂಟು ಜನ ಉಸಿರು ಬಿಗಿಹಿಡಿದು ಮೂರು ಚಪ್ಪಡಿಗಳನ್ನು ಎತ್ತಿ ಅವುಗಳ ಮೇಲೆ ಕೂರಿಸಿದರು. ಸಿಮೆಂಟು ಗಟ್ಟಿಯಾಗುವವರೆಗೆ ಇರಲಿ ಎಂದು ಪ್ರತಿ ಚಪ್ಪಡಿಯ ನಡುಭಾಗದ ಕೆಳಗೆ ಒಂದೊಂದು ನೀಲಗಿರಿ ಕಂಬವನ್ನು ಆಸರೆ ಕೊಟ್ಟರು. ಆವತ್ತೇ ಸಂಜೆ ಪುಸ್ತಕ ಜೋಡಿಸುವ ಅಂದಾಜು ಮಾಡಲು ಗೂಡಿನೊಳಗೆ ತೂರಿದವಳು ಮೇಲೆ ನೋಡಿದೆ. ನಡುವಿನ ಚಪ್ಪಡಿಯ ಹೊಟ್ಟೆಗೆ ಅಡ್ಡವಾಗಿ ಕೂದಲೆಳೆಯಷ್ಟು ಸಣ್ಣ ಒಂದು ಗೆರೆ.

"ಪಿಳ್ಳಣ್ಣ, ಇದೇನು?"

ಅವನು ಬಗ್ಗಿ ನೋಡಿದ, ಬೆರಳಲ್ಲಿ ಸವರಿದ. "ಅಯ್ಯೋ ಮೇಡಮ್ಮೋರೆ, ಕಲ್ಲಿಗೆ ಎಳೆ ಇರಾಕಿಲ್ವಾ? ಮನುಷ್ರ ಕೈಮ್ಯಾಲೆ ಗೆರೆ ಇಲ್ವಾ? ಆನೆ ಬಂದು ನಿಂತ್ರೂ ಅಲ್ಲಾಡಾಕಿಲ್ಲ."

ಆನೆ ನಿಲ್ಲುವುದಿಲ್ಲ, ಮಕ್ಕಳು ಕೂರುತ್ತಾರೆ ಎಂದು ನನಗೆ ಹೇಳಬೇಕೆನಿಸಿತು. ಹೇಳಲಿಲ್ಲ. ರಾತ್ರಿಯೆಲ್ಲಾ ಕಣ್ಣು ಮುಚ್ಚಿದರೆ ಆ ಗೆರೆಯೇ ಕಾಣುತ್ತಿತ್ತು.

ಹರಿದ ಪುಟ ಅಂಟಿಸಲು ನಮ್ಮಲ್ಲಿ ಒಂದು ಜಾತಿಯ ತೆಳ್ಳನೆಯ ಕಾಗದವಿರುತ್ತದೆ, ಊದಿದರೆ ಹಾರುವಂಥದ್ದು. ಮರುದಿನ ಬೆಳಿಗ್ಗೆ ಅದರ ಒಂದು ಪಟ್ಟಿ ಕತ್ತರಿಸಿ, ಮೈದಾ ಅಂಟು ಸವರಿ, ಆ ಗೆರೆಗೆ ಅಡ್ಡವಾಗಿ ಅಂಟಿಸಿದೆ. ಗೆರೆ ಬಾಯಿಬಿಟ್ಟರೆ ಕಾಗದ ಹರಿಯುತ್ತದೆ, ಬಿಡದಿದ್ದರೆ ಹಾಗೇ ಇರುತ್ತದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ಭಯ ಹೇಳಿಕೊಟ್ಟದ್ದು. ದಿನಾ ಸ್ಕೂಲಿಗೆ ಬಂದ ತಕ್ಷಣ ಬ್ಯಾಗನ್ನೂ ಇಳಿಸದೆ ಗೂಡಿನೊಳಗೆ ತೂರಿ ಕಾಗದ ನೋಡುತ್ತಿದ್ದೆ. ಕಾಗದ ನೆಟ್ಟಗಿರುತ್ತಿತ್ತು. ಆದರೂ ಬೆಳಿಗ್ಗೆ ಗುಡಿಸಿದ ಚಾಪೆಯ ಮೇಲೆ ಮಧ್ಯಾಹ್ನಕ್ಕೆ ಬಿಳಿ ಪುಡಿ ಬಿದ್ದಿರುತ್ತಿತ್ತು. ಕೇಳಿದರೆ ಗಾರೆಯ ಪುಡಿ ಎಂದ ಪಿಳ್ಳಣ್ಣ. ಇದ್ದರೂ ಇರಬಹುದು ಎಂದುಕೊಂಡೆ.

ಸಿಮೆಂಟಿಗೆ ನೀರು ಕುಡಿಸಿ ಇನ್ನೂ ಹತ್ತು ಹನ್ನೆರಡು ದಿನ ಬಿಡಬೇಕಾಗಿತ್ತು. ಅಷ್ಟರಲ್ಲಿ ಆಷಾಢ ಬಂದುಬಿಡುತ್ತದೆ! ನಮ್ಮ ಕಡೆ ಆಷಾಢದಲ್ಲಿ ಹೊಸ ಸೊಸೆಯನ್ನೇ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಇನ್ನು ಲೈಬ್ರರಿ ತೆರೆಯುವುದುಂಟೆ? ಮುನಿರಾಮಯ್ಯನವರು ಪಂಚಾಂಗ ನೋಡಿಸಿ, ಜ್ಯೇಷ್ಠ ಮುಗಿಯುವ ಮುಂಚೆ ಒಂದು ಬೆಳಗಿನ ಮುಹೂರ್ತ ಇಡಿಸಿಬಿಟ್ಟರು. ನಾನು ಹೆಡ್‌ಮಾಸ್ಟರ ಮುಂದೆ ಹೋಗಿ ನಿಂತೆ. "ಸಾರ್, ಶ್ರಾವಣದಲ್ಲಿ ಮಾಡೋಣ" ಎಂದೆ. "ನೀವು ಹೋಗಿ ಅಧ್ಯಕ್ಷರಿಗೆ ಹೇಳ್ತೀರಾ?" ಎಂದರು. ನನ್ನಿಂದಾಗುವ ಮಾತೇ ಅದು?

ಆ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದೆ. ರೇಷ್ಮೆ ಸೀರೆ ಉಟ್ಟಿದ್ದರೂ ಲೆಕ್ಕಿಸದೆ ಮಂಡಿಯೂರಿ ಗೂಡಿನೊಳಗೆ ತಲೆ ಹಾಕಿದೆ. ಕಾಗದ ನಟ್ಟನಡುವೆ ಹರಿದಿತ್ತು.

ಮೇಲೆ, ಕಂಬವನ್ನು ನಂಬಿ ನಾನೇ ಜೋಡಿಸಿದ್ದ ದಪ್ಪ ದಪ್ಪ ನಿಘಂಟುಗಳು, ವಿಶ್ವಕೋಶದ ಸಂಪುಟಗಳು. ಬರುವವರ ಕಣ್ಣಿಗೆ ಬೀಳಲಿ ಎಂದು ಸಾಲಾಗಿ ನಿಲ್ಲಿಸಿದ್ದೆ. ಅಷ್ಟು ಭಾರವನ್ನು ಆ ಕಂಬ ಒಂದೇ ಹೊತ್ತಿತ್ತು. ಓಡಿಹೋಗಿ ಗೋವಿಂದರಾಜು ಅವರನ್ನು ಕರೆತಂದು ತೋರಿಸಿದೆ.

"ಹಲ್ಲಿ ಹರಿದಿರುತ್ತೆ ಬಿಡ್ರಿ, ಅಂಟಿನ ವಾಸನೆಗೆ ಬಂದಿರುತ್ತೆ. ಇವತ್ತು ಒಂದು ದಿನ ಸುಮ್ನಿರಿ, ನಿಮಗೆ ಪುಣ್ಯ ಬರುತ್ತೆ" ಎಂದು ಅವರು ಶಾಮಿಯಾನದ ಕಡೆಗೆ ಹೋದರು.

ಹೋಗಲಿ, ಕಂಬವಿದೆಯಲ್ಲ ಎಂದು ಧೈರ್ಯ ತಂದುಕೊಂಡೆ. ಅಷ್ಟರಲ್ಲಿ ಮುನಿರಾಮಯ್ಯನವರು ಬಿಳಿ ಪಂಚೆಯಲ್ಲಿ ಬಂದರು, ಹಿಂದೆ ಹೂವಿನ ಬುಟ್ಟಿ ಹಿಡಿದ ಪಿಳ್ಳಣ್ಣ. ಮೂರು ಗೂಡುಗಳನ್ನೂ ನೋಡಿದವರು ಮುಖ ಗಂಟಿಕ್ಕಿದರು.

"ಏನ್ಲಾ ಇದು, ಮದುವೆ ಮನೇಲಿ ಹೆಣ್ಣಿನ ಮುಂದೆ ಮರದ ಕೊರಡು ನಿಲ್ಸಿದಂಗೆ? ತೆಗ್ದು ಬಿಸಾಕು. ಹೂವಿನ ಸರ ಇಳಿಬಿಡಬೇಕು."

"ಬೇಡಿ!" ಎಂದು ನಾನು ಕಿರುಚಿದೆ. ಎಲ್ಲರೂ ತಿರುಗಿ ನೋಡಿದರು. "ಯಜಮಾನರೇ, ಕಲ್ಲು ಬಾಯಿಬಿಟ್ಟಿದೆ. ಕಂಬ ಇರಲಿ."

"ಹಲ್ಲಿಗೂ ಕಿರುಚ್ತೀಯಂತೆ, ಕಲ್ಲಿಗೂ ಕಿರುಚ್ತೀಯಾ?" ಎಂದು ಅವರು ನಕ್ಕರು. ಎಲ್ಲರೂ ನಕ್ಕರು. ಪಿಳ್ಳಣ್ಣ ಸುತ್ತಿಗೆಯಲ್ಲಿ ಎರಡೆರಡು ಏಟು ಹಾಕಿ ಮೂರೂ ಕಂಬಗಳನ್ನು ತೆಗೆದು ಆಚೆ ಹಾಕಿದ. ಚಪ್ಪಡಿ ಬೀಳಲಿಲ್ಲ. "ನೋಡಿದ್ರಾ?" ಎಂದು ನನ್ನ ಕಡೆ ನೋಡಿ ಹಲ್ಲು ಕಿರಿದ. ಬೀಳದಿದ್ದದ್ದು ನನ್ನ ಭಯವನ್ನು ಇನ್ನೂ ಹೆಚ್ಚು ಮಾಡಿತು.

ಅತಿಥಿಗಳು ಬರುವ ಹೊತ್ತಿಗೆ ಮಕ್ಕಳು ಗೂಡಿನಲ್ಲಿ ಕೂತು ಓದುತ್ತಿರಬೇಕು ಎಂದು ಮೊದಲೇ ತೀರ್ಮಾನವಾಗಿತ್ತು. ನಾನೇ ಒಂದು ವಾರ ಅಂಗಳದಲ್ಲಿ ಅಭ್ಯಾಸ ಮಾಡಿಸಿದ್ದೆ. ನಡುವಿನ ಗೂಡಿನಲ್ಲಿ ಐದನೇ ಕ್ಲಾಸಿನ ನಾಲ್ಕು ಹುಡುಗಿಯರು, ಅವರಲ್ಲಿ ಮುನಿರಾಮಯ್ಯನವರ ಮೊಮ್ಮಗಳು ಅಕ್ಷತ. ಅವರು ಒಳಗೆ ತೂರುವುದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಬಗ್ಗಿ ಪಿಸುಗುಟ್ಟಿದೆ: "ಮಕ್ಕಳೇ, ಎಲ್ಲರೂ ಗೇಟಿನ ಹತ್ರ ಓಡಿ, ಅತಿಥಿಗಳಿಗೆ ಹೂ ಕೊಡಬೇಕು. ಪಕ್ಕದ ಗೂಡಿನವರನ್ನೂ ಕರ್ಕೊಂಡು ಹೋಗಿ." ಹುಡುಗಿಯರು ಖುಷಿಯಾಗಿ ಓಡಿದರು. ನಾನು ಗೋಡೆಗೊರಗಿ ಉಸಿರು ಬಿಟ್ಟೆ.

ಅತಿಥಿಗಳ ಜೊತೆ ಒಳಗೆ ಬಂದ ಮುನಿರಾಮಯ್ಯನವರು ಖಾಲಿ ಗೂಡುಗಳನ್ನು ನೋಡಿದರು. "ಮಕ್ಕಳೆಲ್ಲಮ್ಮ?"

ಮಂಗಳಾರತಿಯ ತಟ್ಟೆ ಸಿದ್ಧವಾಗಿತ್ತು. ಮುಹೂರ್ತ ಮೀರುತ್ತಿತ್ತು. ಮುತ್ತೈದೆಯರು ನಿಂತಿದ್ದರು. ಅಂಥ ಹೊತ್ತಿನಲ್ಲಿ ಬಾಯಲ್ಲಿ ಕೆಟ್ಟ ಮಾತು ಬರಬಾರದು ಎಂದು ನನಗೆ ಗೊತ್ತಿತ್ತು. ಆದರೂ ಹೇಳಿದೆ. "ನಾನೇ ಆಚೆ ಕಳಿಸಿದೆ. ಕಲ್ಲು ಬೀಳುತ್ತೆ."

"ಬಿಡ್ತು ಅನ್ನಮ್ಮ!" ಎಂದು ಹೆಂಗಸರು ಒಟ್ಟಿಗೆ ಕೂಗಿದರು.

ಮುನಿರಾಮಯ್ಯನವರ ಮುಖ ಕೆಂಪಾಯಿತು. ಬಾಗಿಲಲ್ಲಿ ಇಣುಕುತ್ತಿದ್ದ ಅಕ್ಷತಳ ಕೈ ಹಿಡಿದು ಎಳೆದುಕೊಂಡರು. "ನಮ್ಮಪ್ಪನ ಕಾಲದ ಕಲ್ಲು ಇದು. ಇದರ ಅಡೀಲಿ ನಮ್ಮ ದನಕರ ಬಾಳಿದ್ವು. ಬಾ ಮಗ, ನಾವಿಬ್ರೂ ಕುಂತ್ಕಳಾನ. ಬೀಳ್ಳಿ, ನೋಡೇ ಬಿಡಾನ." ಪಂಚೆ ಎತ್ತಿ ಕಟ್ಟಿ, ಮೊಮ್ಮಗಳನ್ನು ಮುಂದೆ ಬಿಟ್ಟುಕೊಂಡು, ನಡುವಿನ ಗೂಡಿನೊಳಗೆ ತೂರಿ ಚಕ್ಕಳಮಕ್ಕಳ ಹಾಕಿ ಕೂತರು.

ಜನ ಚಪ್ಪಾಳೆ ತಟ್ಟಿದರು. ಅವರ ಹೆಗಲ ಮೇಲೆ ಬಿಳಿ ಪುಡಿ ಉದುರುವುದನ್ನು ನಾನೊಬ್ಬಳೇ ನೋಡಿದೆ. ದೇವರೇ, ಈಗೇನು ಮಾಡಲಿ? ಅವರನ್ನು ಎಳೆಯಲು ನನಗೆ ಶಕ್ತಿಯಿಲ್ಲ. ಹೇಳಿದರೆ ಕೇಳುವವರಿಲ್ಲ. ನನ್ನ ಕೈಗೆ ಎಟುಕುತ್ತಿದ್ದದ್ದು ಒಂದೇ, ಚಪ್ಪಡಿ ಮೇಲಿನ ಭಾರ.

ಮೊದಲ ನಿಘಂಟನ್ನು ಎತ್ತಿ ನೆಲಕ್ಕೆ ಎಸೆದೆ. ಆಮೇಲೆ ಎರಡು ಕೈಯಲ್ಲೂ ಬಾಚಿ ಬಾಚಿ ಎಸೆಯತೊಡಗಿದೆ. ಅರಿಶಿನ ಕುಂಕುಮ ಹಚ್ಚಿದ ಸಂಪುಟಗಳು ದಬದಬ ಬಿದ್ದವು. ಯಾರೋ "ಅಯ್ಯಯ್ಯೋ" ಅಂದರು. ಗೋವಿಂದರಾಜು ಅವರು, "ಸರಸ್ವತೀನ ನೆಲಕ್ಕೆ ಹಾಕ್ತಿದ್ದೀರಲ್ರೀ! ತಲೆ ಕೆಟ್ಟಿದೆಯಾ?" ಎಂದು ನನ್ನ ತೋಳಿಗೆ ಕೈ ಹಾಕಿದರು. ಕೊಡವಿಕೊಂಡೆ. ಹಿಂದೆ ಗೋಡೆಗೆ ತಾಗಿದ್ದ ಪುಸ್ತಕಗಳು ಎಟುಕಲಿಲ್ಲ. ಬಿದ್ದ ಪುಸ್ತಕಗಳ ಮೇಲೇ ಕಾಲಿಟ್ಟು ಹತ್ತಿ ಬಾಚಿದೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು ಎಂದು ದಿನಾ ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಅಳುತ್ತಿದ್ದೆ, ಎಸೆಯುತ್ತಿದ್ದೆ.

"ಏಯ್! ಕಾಲಲ್ಲಿ ತುಳೀತಾಳಲ್ಲೋ!" ಎಂದು ಗುಡುಗುತ್ತಾ ಮುನಿರಾಮಯ್ಯನವರು ಗೂಡಿನಿಂದ ಹೊರಬಂದರು. ನನ್ನ ಮೇಲೆ ಕೈಯೆತ್ತುವಷ್ಟು ಸಿಟ್ಟು ಅವರ ಕಣ್ಣಲ್ಲಿತ್ತು. ಅವರು ಬಂದರು, ಮಗು ಬರಲಿಲ್ಲ. ಬಗ್ಗಿ ನೋಡಿದರೆ ಅಕ್ಷತ ಒಳಗೇ ಕೂತು, ಗೂಡಿನ ಬಾಯಿಗೆ ಬಿದ್ದಿದ್ದ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಾನು ಕಲಿಸಿದ್ದನ್ನೇ ಮಾಡುತ್ತಿದ್ದಳು.

ಟಕ್ ಎಂದು ಒಂದು ಸದ್ದು ಕೇಳಿಸಿತು. ಅಡಿಕೆ ಕತ್ತರಿಸಿದಂಥ ಚಿಕ್ಕ ಸದ್ದು.

ನೆಲಕ್ಕೆ ಬಿದ್ದು ಕೈ ಚಾಚಿದೆ. ಅವಳ ಲಂಗ ಸಿಕ್ಕಿತು, ಆಮೇಲೆ ಮೊಣಕೈ ಸಿಕ್ಕಿತು. ಎಳೆದೆ. ಎಷ್ಟು ಜೋರಾಗಿ ಎಳೆದೆನೆಂದರೆ ಇಬ್ಬರೂ ಉರುಳಿ ಹೋಗಿ ಮಂಗಳಾರತಿ ತಟ್ಟೆಗೆ ಬಡಿದೆವು. ಚಪ್ಪಡಿ ಎರಡು ತುಂಡಾಗಿ ಚಾಪೆಯ ಮೇಲೆ ಕೂತಿತು. ನೆಲ ಅದುರಿತು. ಕೋಣೆಯ ತುಂಬಾ ಧೂಳು.

ಮುನಿರಾಮಯ್ಯನವರು ಮೊಮ್ಮಗಳ ತಲೆ, ಕೈ, ಬೆನ್ನು, ಕಾಲು ಎಲ್ಲವನ್ನೂ ಮತ್ತೆ ಮತ್ತೆ ತಡವಿ ನೋಡಿದರು. ಏನೂ ಆಗಿರಲಿಲ್ಲ, ಮಂಡಿ ತರಚಿತ್ತು ಅಷ್ಟೆ. ಅವಳನ್ನು ಎತ್ತಿ ಬಾಗಿಲಲ್ಲಿದ್ದ ಹೆಂಗಸರ ಕೈಗೆ ಕೊಟ್ಟರು. ಮೀಸೆಯ ಮೇಲೆ ಕಲ್ಲಿನ ಪುಡಿ ಕೂತಿತ್ತು. ಆ ದೊಡ್ಡ ದನಿ ಎಲ್ಲಿ ಹೋಯಿತೋ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ನನ್ನನ್ನು ಕೇಳಿದರು.

"ಇನ್ನೂ ಎಲ್ಲೆಲ್ಲಿ ಭಯ ಆಯ್ತದೆ ನಿಂಗೆ? ತೋರ್ಸು ತಾಯಿ."

ಕೈಯೆತ್ತಿ ತೋರಿಸಿದೆ. ಅದೇ ಕೊಟ್ಟಿಗೆಯ ಮೂರನೇ ಚಪ್ಪಡಿ, ಅವರ ಸೊಂಟದ ಪಕ್ಕದಲ್ಲೇ. ಅದರ ಮೇಲೆ ಎರಡೂ ಮೊಣಕೈ ಊರಿಕೊಂಡು ಅತಿಥಿಗಳು ಧೂಳಿಗೆ ಕೆಮ್ಮುತ್ತಿದ್ದರು, ಅದರ ಕೆಳಗೆ ಪಿಳ್ಳಣ್ಣ ತೂರಿ ಹೂವಿನ ಬುಟ್ಟಿ ಎಳೆಯುತ್ತಿದ್ದ.

ಒಬ್ಬರೂ ನಗಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಪಿಳ್ಳಣ್ಣ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದ. ಅತಿಥಿಗಳು, ಹೆಡ್‌ಮಾಸ್ಟರು, ಮುತ್ತೈದೆಯರು, ಮುನಿರಾಮಯ್ಯನವರು ಎಲ್ಲರೂ ಚಪ್ಪಲಿ ಕೂಡ ಹುಡುಕದೆ, ಒಬ್ಬರ ಹಿಂದೆ ಒಬ್ಬರು ಬಾಗಿಲು ದಾಟಿ ಬಿಸಿಲಿಗೆ ನಡೆದರು. ಕೋಣೆಯಲ್ಲಿ ನಾನೊಬ್ಬಳೇ ಉಳಿದೆ. ನೆಲದ ಮೇಲೇ ಕೂತಿದ್ದೆ, ಆ ಮೂರನೇ ಕಲ್ಲಿನ ಮೇಲಿಂದ ಕಣ್ಣು ಕೀಳಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಹೆಂಗಸರ ಕೈ ಕೊಸರಿಕೊಂಡು ಅಕ್ಷತ ಹೊಸ್ತಿಲವರೆಗೆ ಬಂದಳು. ಒಳಗೆ ಕಾಲಿಡಲಿಲ್ಲ. ನಾನು ಅವಳನ್ನು ಎಳೆದಿದ್ದೆನಲ್ಲ, ಹಾಗೇ ಕೈ ಚಾಚಿ ನಿಂತಳು.

"ಮಿಸ್," ಎಂದಳು, "ನೀವೂ ಬಂದ್ಬಿಡಿ."